ಫ್ಲಾಟ್‌ವೂಂಡ್ ತಂತಿ ಹಾಕಿಸುವ ಮುನ್ನ ಬೇಸ್ ನುಡಿಸುವವರು ಓದಿ

ಬೇಸ್ ಗಿಟಾರಿಗೆ ಮೊದಲ ಸಲ ಫ್ಲಾಟ್‌ವೂಂಡ್ ತಂತಿ ಹಾಕಿಸಬೇಕು ಅಂತಿರುವವರಿಗೆ ಈ ಬರಹ. ಯಾವ ಕಂಪನಿ, ಯಾವ ಗೇಜ್ (ಅಂದರೆ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳ ಲೆಕ್ಕದಲ್ಲಿ) ಅಂತ ನಾವೆಲ್ಲ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಕೊನೆಗೆ ಗಿಟಾರನ್ನು ಅಂಗಡಿಯಲ್ಲಿ ಬಿಟ್ಟು "ಸಂಜೆ ಬರ್ತೀನಿ" ಅಂತ ಹೊರಟುಬಿಡುತ್ತೇವೆ. ಈ ತಂತಿಗೆ ಅಪಾಯ ಬರುವುದೇ ಆ ಹೊತ್ತಿನಲ್ಲಿ. ಹಾಕುವವರ ಕೈಯಲ್ಲೇ ಸತ್ತ ತಂತಿಯನ್ನು "ಫ್ಲಾಟ್ ಅಂದ್ರೆ ಹಿಂಗೇ ಸಾರ್, ಸೌಂಡು ಡಲ್ ಇರತ್ತೆ" ಅಂತ ಹೇಳಿ ದಾಟಿಸಿಬಿಡಬಹುದು. ನನಗೆ ಆದದ್ದು ಅದೇ.

ನಮ್ಮದು ಹಳೆಯ ಚಿತ್ರಗೀತೆಗಳ ಆರ್ಕೆಸ್ಟ್ರಾ. ಗಣೇಶನ ಹಬ್ಬ ಶುರುವಾದರೆ ರಾಜ್ಯೋತ್ಸವ ಮುಗಿಯುವ ತನಕ ಪುರುಸೊತ್ತಿಲ್ಲ. ನನ್ನ ಬೇಸಿನಲ್ಲಿ ಇದ್ದದ್ದು ಸಾಮಾನ್ಯವಾಗಿ ಎಲ್ಲರೂ ಹಾಕುವ, ಹೊರಗೆ ದುಂಡು ತಂತಿ ಸುತ್ತಿದ ರೌಂಡ್‌ವೂಂಡ್, ಗೇಜ್ 45ರಿಂದ 105. ಎಪ್ಪತ್ತರ ದಶಕದ ಹಾಡುಗಳಿಗೆ ಅದರ ಝಣಝಣ, ಬೆರಳು ಜಾರಿಸಿದಾಗ ಬರುವ ಕಿರಕಿರ ಎರಡೂ ಒಗ್ಗುತ್ತಿರಲಿಲ್ಲ. ಫ್ಲಾಟ್‌ವೂಂಡಿನಲ್ಲಿ ಹೊರಮೈಗೆ ಸುತ್ತುವುದು ಚಪ್ಪಟೆ ಉಕ್ಕಿನ ಪಟ್ಟಿ, ಸೈಕಲ್ ಹ್ಯಾಂಡಲ್ಲಿಗೆ ಟೇಪ್ ಸುತ್ತಿದ ಹಾಗೆ. ಮುಟ್ಟಿದರೆ ನುಣುಪು, ಜಾರಿಸಿದರೆ ಸದ್ದಿಲ್ಲ, ದನಿ ದುಂಡಗೆ, ಗಟ್ಟಿಯಾಗಿ ಬರುತ್ತದೆ. ಒಂದು ಸೆಟ್ಟಿಗೆ ಐದು ಸಾವಿರದ ಹತ್ತಿರ ಆಯಿತು. ವರ್ಷಗಟ್ಟಲೆ ಬಾಳುವ ತಂತಿ, ಲೆಕ್ಕ ಹಾಕಿದರೆ ದುಬಾರಿಯೇನಲ್ಲ.

ಬೆಂಗಳೂರಿನ ಒಂದು ಅಂಗಡಿಯಲ್ಲಿ 50–105ರ ಸೆಟ್ ಕೊಂಡು, ಅಲ್ಲೇ ಹಾಕಿ ಸೆಟಪ್ ಮಾಡಿಕೊಡಲು ಹೇಳಿದೆ. ಸಂಜೆ ಹೋಗಿ ಆಂಪ್‌ಗೆ ಚುಚ್ಚಿ ನೋಡಿದರೆ ತೆಳು ತಂತಿಗಳಾದ ಜಿ, ಡಿ ಪರವಾಗಿಲ್ಲ. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಮಾತ್ರ ಧಪ್ ಅಂದು ಅಲ್ಲಿಗೇ ನಿಂತುಹೋಗುತ್ತದೆ. ಕೇಳಿದ್ದಕ್ಕೆ ಆ ಟೆಕ್ನಿಷಿಯನ್, "ಹೊಸದಲ್ವಾ ಸಾರ್, ನುಡಿಸ್ತಾ ನುಡಿಸ್ತಾ ಓಪನ್ ಆಗತ್ತೆ" ಅಂದ. ಇದು ತಲೆಕೆಳಗು ಮಾತು. ಫ್ಲಾಟ್‌ವೂಂಡ್ ಹೊಸದಾಗಿದ್ದಾಗಲೇ ಅತಿ ಹೆಚ್ಚು ಹೊಳಪಿನ ದನಿ ಕೊಡುವುದು, ದಿನ ಕಳೆದ ಹಾಗೆ ಮಾಗುತ್ತಾ ಹೋಗುತ್ತದೆ.

ಫ್ಲಾಟ್ ಎಂದರೆ ಸತ್ತ ದನಿ ಅನ್ನುವ ನಂಬಿಕೆಯನ್ನು ಇಲ್ಲೇ ಸ್ವಲ್ಪ ನೋಡೋಣ, ಯಾಕೆಂದರೆ ಇಂಥ ಅಂಗಡಿಗಳಿಗೆ ಆಸರೆಯೇ ಅದು. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಅದರ ಮೇಲಿದ್ದದ್ದು ಫ್ಲಾಟ್‌ವೂಂಡೇ. ರೌಂಡ್‌ವೂಂಡ್ ಜೋರು ಹಿಡಿದದ್ದು ಅರವತ್ತರ ದಶಕದಲ್ಲಿ, ರೋಟೋಸೌಂಡ್ ಕಂಪನಿಯ ತಂತಿಗಳನ್ನು ದಿ ಹೂ ಬ್ಯಾಂಡಿನ ಜಾನ್ ಎಂಟ್ವಿಸಲ್ ನುಡಿಸತೊಡಗಿದ ಮೇಲೆ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಮೇಲೆ ಲಾ ಬೆಲ್ಲಾ ಕಂಪನಿಯ ಫ್ಲಾಟ್ ಹಾಕಿಕೊಂಡಿದ್ದರು, 52ರಿಂದ 110ರ ದಪ್ಪ ಸೆಟ್. ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಅಷ್ಟು ಹಳೆಯ ತಂತಿಯಲ್ಲೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಇನ್ನೊಂದು ತುದಿಯಲ್ಲಿ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್. ಆ ಕುದುರೆ ಓಟದ ಖಣಖಣ ಬೇಸ್ ಫ್ಲಾಟ್‌ವೂಂಡಿನದು ಅಂದರೆ ನಂಬದವರೇ ಹೆಚ್ಚು. ಮೃದು ಬೇರೆ, ಸತ್ತದ್ದು ಬೇರೆ.

ಮುಂದಿನ ಕಾರ್ಯಕ್ರಮದ ಸೌಂಡ್ ಚೆಕ್‌ನಲ್ಲೇ ಕೀಬೋರ್ಡ್ ಹುಡುಗ "ಅಣ್ಣಾ, ನಿಮ್ ಇ ಒಂದ್ಸಲ ನೋಡ್ಕೊಳ್ಳಿ" ಅಂದ. ಟ್ಯೂನರಿನಲ್ಲಿ ಖಾಲಿ ತಂತಿ ಸರಿಯಿದೆ, ಹನ್ನೆರಡನೇ ಫ್ರೆಟ್ ಒತ್ತಿದರೆ ಬೇರೆ, ಅದೇ ಜಾಗದಲ್ಲಿ ಒತ್ತದೆ ಬೆರಳು ತಾಗಿಸಿ ನುಡಿಸುವ ಹಾರ್ಮೋನಿಕ್ ಇನ್ನೊಂದು. ಬ್ರಿಡ್ಜಿನ ಮೇಲೆ ತಂತಿ ಕೂರುವ ತುಣುಕನ್ನು, ಅಂದರೆ ಸ್ಯಾಡಲನ್ನು, ಹಿಂದೆ ಮುಂದೆ ಮಾಡಿದರೂ ಕೂಡಿಬರಲಿಲ್ಲ. ತಂತಿಯನ್ನು ನೀರಲ್ಲಿ ಕುದಿಸಿ ನೋಡಿ ಅಂತ ಡ್ರಮ್ಮರ್ ಸಲಹೆ. ಅದು ಸುತ್ತುಗಳ ಸಂದಿನಲ್ಲಿ ಕೊಳೆ ಕೂತ ಹಳೆಯ ರೌಂಡ್‌ವೂಂಡಿಗೆ ಮಾಡುವ ಉಪಾಯ. ಮೊನ್ನೆ ಪ್ಯಾಕೆಟ್ಟಿನಿಂದ ತೆಗೆದ ಫ್ಲಾಟಿಗೆ ಏನು ಕೊಳೆ?

ಗುಟ್ಟು ರಟ್ಟಾದದ್ದು ಚರ್ಚ್ ಬ್ಯಾಂಡಿನಲ್ಲಿ ಬಹಳ ಕಾಲದಿಂದ ಬೇಸ್ ನುಡಿಸುವ ಹಿರಿಯರೊಬ್ಬರ ಮನೆಯಲ್ಲಿ. ಅವರು ಆಂಪ್‌ಗೂ ಹಾಕಲಿಲ್ಲ. ಕೀಲಿಗಳಿರುವ ತಲೆಭಾಗ, ಹೆಡ್‌ಸ್ಟಾಕನ್ನು ದೀಪಕ್ಕೆ ಹಿಡಿದು, "ಏನಪ್ಪಾ ಇದು, ಕಟಿಂಗ್ ಪ್ಲೇಯರಲ್ಲಿ ಕಚಕ್ ಅನ್ಸಿದಾರಲ್ಲೋ" ಅಂದರು. ಇ ತಂತಿ ಕೀಲಿಯ ಕಂಬಕ್ಕೆ ಒಂದೇ ಸುತ್ತು ಬಂದಿತ್ತು. ತಂತಿ ಸಡಿಲಿಸಿ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ, ಒಳಗಿನ ತಂತಿ ಅಲ್ಲಾಡದೆ ಮೇಲಿನ ಪಟ್ಟಿ ಮಾತ್ರ ತಿರುಗುತ್ತಿತ್ತು. ತುದಿಯಲ್ಲಿ ಪಟ್ಟಿಯ ಎಳೆಯೊಂದು ಎದ್ದು ಬೆರಳಿಗೆ ಚುಚ್ಚಿತು.

ಹೀಗಾಗಲು ಕಾರಣ ಇದೆ. ಮೇಲಿನ ಪಟ್ಟಿ ಒಳತಂತಿಗೆ ಅಂಟಿಸಿದ್ದಲ್ಲ, ಬಿಗಿಯಾಗಿ ಸುತ್ತಿದ್ದು. ಬಿಗಿ ನಿಂತಿರುವುದು ಎರಡು ತುದಿಗಳ ಹಿಡಿತದಿಂದ. ನೇರವಾಗಿದ್ದ ತಂತಿಯನ್ನು ಹಾಗೇ ಕತ್ತರಿಸಿದರೆ ಆ ಹಿಡಿತ ತಪ್ಪಿ ಪಟ್ಟಿ ಸಡಿಲವಾಗುತ್ತದೆ. ಒಳತಂತಿ ದುಂಡಗಿರುವ ಸೆಟ್ಟುಗಳಲ್ಲಂತೂ ಸಲೀಸಾಗಿ ಜಾರುತ್ತದೆ. ಆಮೇಲೆ ಒಳಗಿನದೂ ಹೊರಗಿನದೂ ಒಟ್ಟಿಗೆ ಕಂಪಿಸುವುದಿಲ್ಲ. ನಾದ ಬೇಗ ಇಂಗುತ್ತದೆ, ಸ್ವರ ಒಂದು ಕಡೆ ನಿಲ್ಲುವುದಿಲ್ಲ. ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಒಳಗೆ ಮೊದಲು ತಂತಿಯನ್ನು ಇಕ್ಕಳದಲ್ಲಿ ಲಂಬಕೋನಕ್ಕೆ ಮಡಿಸಬೇಕು, ಮಡಿಕೆಯಿಂದಾಚೆ ಕತ್ತರಿಸಬೇಕು. ಮಡಿಕೆಯೇ ಬೀಗ. ಉದ್ದವನ್ನು ಕಂಬ ದಾಟಿ ಇನ್ನೊಂದು ನಾಲ್ಕೈದು ಅಂಗುಲ ಬಿಡಬೇಕು, ಎರಡು ಮೂರು ಸುತ್ತು ಬರುವಷ್ಟು. ಸುತ್ತುವಾಗ ತಂತಿ ತಿರುಚಿಕೊಳ್ಳಬಾರದು.

ಅಷ್ಟೇ ಆಗಿದ್ದರೆ ಒಂದು ತಂತಿಯ ನಷ್ಟ ಅಂದುಕೊಳ್ಳಬಹುದಿತ್ತು. ನನ್ನ ಬೇಸಿನಲ್ಲಿ ತಂತಿಯನ್ನು ಬ್ರಿಡ್ಜಿನ ಹಿಂಬದಿಯಿಂದಲೂ ಹಾಕಬಹುದು, ಬಾಡಿಯ ಬೆನ್ನಿನಿಂದ ತೂರಿಸಿಯೂ ಹಾಕಬಹುದು. ಅಂಗಡಿಯ ಟೆಕ್ನಿಷಿಯನ್ ಬೆನ್ನಿನಿಂದ ತೂರಿಸಿದ್ದ. ಫ್ಲಾಟ್‌ವೂಂಡಿಗೆ ಅದು ಬೇಡ ಅಂತ ಎಷ್ಟೋ ತಯಾರಕರೇ ಹೇಳುತ್ತಾರೆ, ಯಾಕೆಂದರೆ ಸ್ಯಾಡಲ್ ಮೇಲೆ ಆ ಕಡಿದಾದ ತಿರುವಿನಲ್ಲಿ ಪಟ್ಟಿ ಬಾಯಿ ಬಿಡುತ್ತದೆ. ಜೊತೆಗೆ ಬಾಡಿಯ ದಪ್ಪದಷ್ಟು ಉದ್ದವನ್ನು ಅದು ನುಂಗಿ, ಹೆಡ್‌ಸ್ಟಾಕ್ ಕಡೆ ಇರಬೇಕಾದ ತೆಳು ಭಾಗ ಮುಂದಕ್ಕೆ ಬರುತ್ತದೆ. ನನ್ನ ಇ ತಂತಿಯ ತುದಿಗೆ ಸುತ್ತಿದ ಬಣ್ಣದ ದಾರ ನಟ್ (ಹೆಡ್‌ಸ್ಟಾಕಿನ ಬುಡದಲ್ಲಿ ತಂತಿಗಳು ಕೂರುವ ಕಚ್ಚಿನ ಪಟ್ಟಿ) ದಾಟಿ ಮೊದಲನೇ ಫ್ರೆಟ್ ಕಡೆ ಇಣುಕುತ್ತಿತ್ತು. ಆ ದಾರ ಯಾವಾಗಲೂ ನಟ್ಟಿನ ಆಚೆಯೇ ಇರಬೇಕು. ನೀವು ಅಂಗಡಿಯಲ್ಲಿ ಗಿಟಾರ್ ಕೈಗೆ ತೆಗೆದುಕೊಂಡ ತಕ್ಷಣ ನೋಡಬೇಕಾದದ್ದು ಇದನ್ನೇ, ನುಡಿಸಿ ನೋಡುವುದಕ್ಕೂ ಮೊದಲು.

34 ಇಂಚು ಸ್ಕೇಲಿನ ಸೆಟ್ಟನ್ನು 30 ಇಂಚಿನ ಸಣ್ಣ ಬೇಸಿಗೆ ಹಾಕಿದರೆ ಇದರ ಉಲ್ಟಾ ಆಗುತ್ತದೆ. ದಪ್ಪ ಭಾಗವೇ ಕಂಬಕ್ಕೆ ಸುತ್ತಿಕೊಂಡು ಪಟ್ಟಿ ಒಡೆಯುತ್ತದೆ. "ಉದ್ದ ಇದ್ರೆ ಕಟ್ ಮಾಡೋಣ ಸಾರ್" ಅನ್ನುವವರಿಂದ ದೂರವಿರಿ.

ನಟ್ ವಿಷಯ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಜಿ ತಂತಿ 45ರಿಂದ 50 ಆಯಿತಲ್ಲ, ಅದಕ್ಕೆ ಕಚ್ಚನ್ನು ಅಗಲ ಮಾಡಬೇಕಾದದ್ದು ಕೂದಲೆಳೆಯಷ್ಟು. ಆತ ನನ್ನನ್ನು ಕೇಳದೆ ಅರ ಹಾಕಿ ಆಳವನ್ನೂ ಮಾಡಿದ್ದ. ಖಾಲಿ ಜಿ ಮೊದಲನೇ ಫ್ರೆಟ್ಟಿಗೆ ತಾಗಿ ಝರ್ ಅನ್ನುತ್ತಿತ್ತು. ಉಜ್ಜಿದ್ದು ವಾಪಸ್ ಬರುವುದಿಲ್ಲ, ಬೇರೆ ಕಡೆ ಹೊಸ ನಟ್ ಮಾಡಿಸಬೇಕಾಯಿತು. ತಂತಿಗೆ "ಪ್ಯಾಕೆಟ್ ಓಪನ್ ಆಗಿದೆ ಸಾರ್, ರಿಟರ್ನ್ ಇಲ್ಲ" ಅನ್ನುವ ಉತ್ತರ. ನಟ್ಟಿಗೆ ಉತ್ತರವೇ ಇಲ್ಲ.

ಎರಡನೇ ಸೆಟ್ಟನ್ನು ಆ ಹಿರಿಯರ ಮನೆಯಲ್ಲಿ ಕೂತು ಹಾಕಿದೆ. ಈ ಸಲ 45–100. ಫ್ಲಾಟ್ ಸಾಮಾನ್ಯವಾಗಿ ಅದೇ ಗೇಜಿನ ರೌಂಡಿಗಿಂತ ಬಿರುಸು, ಬಿಗಿ. ಥೋಮಾಸ್ಟಿಕ್ ಜಾಝ್ ಫ್ಲಾಟ್ಸ್‌ನಂಥ ಸಡಿಲ ಸೆಟ್ಟುಗಳೂ ಇವೆ. ಹಾಗಾಗಿ ತಂತಿ ಬದಲಾದರೆ ನೆಕ್ ಅಲುಗುವುದು ಖಚಿತ. ಒಂದೆರಡು ದಿನ ಬಿಟ್ಟು ಮೊದಲನೇ ಫ್ರೆಟ್ಟನ್ನೂ ಕೊನೆಯದನ್ನೂ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವಿನ ಸಂದು ನೋಡಿ. 0.3 ಮಿ.ಮೀ. ಆಸುಪಾಸು ಇದ್ದರೆ ನೆಕ್ಕಿನ ಬಾಗು ಸರಿಮಾಡುವ ಒಳಗಿನ ಸರಳು, ಟ್ರಸ್ ರಾಡಿನ ತಂಟೆಗೆ ಹೋಗಬೇಡಿ. ಜಾಸ್ತಿ ಇದ್ದರೆ ಕಾಲು ತಿರುವು ಮಾತ್ರ ಬಿಗಿ ಮಾಡಿ, ಮತ್ತೆ ಕಾಯಿರಿ.

ಬಳಸಿದ ಫ್ಲಾಟ್ ಸೆಟ್ ಮಾರುವವರೂ ಇದ್ದಾರೆ. ಮಾಗಿದ ದನಿಗೆಂದೇ ಕೊಳ್ಳುವವರಿದ್ದಾರೆ, ತಪ್ಪೇನಿಲ್ಲ. ಆದರೆ ನಾಲ್ಕು ಕೀಲಿ ಒಂದೇ ಸಾಲಿನಲ್ಲಿರುವ ಬೇಸಿಗೆ ಕತ್ತರಿಸಿದ ತಂತಿ, ಎರಡೆರಡು ಕೀಲಿ ಆಚೀಚೆ ಇರುವ ಹೆಡ್‌ಸ್ಟಾಕಿಗೆ ಸಾಲದೇ ಹೋಗಬಹುದು. ದುಡ್ಡು ಕಳಿಸುವ ಮುನ್ನ ನಾಲ್ಕೂ ತಂತಿಗಳ ಕತ್ತರಿಸಿದ ತುದಿಯ ಫೋಟೊ ಕೇಳಿ, ಪೂರ್ತಿ ಉದ್ದ ಅಳೆದು ಹೇಳಲು ಹೇಳಿ. ತುದಿಯಲ್ಲಿ ಮಡಿಕೆ ಕಾಣದಿದ್ದರೆ ಬಿಟ್ಟುಬಿಡಿ.