ಮನೆಯೊಳಗಿನ ರೋಬೋಟ್‌ಗೆ ಅಲ್ಟ್ರಾಸಾನಿಕ್ಕಾ, ಲೇಸರಾ?

ಮನೆಯೊಳಗೆ ಓಡಾಡುವ ಚಿಕ್ಕ ರೋಬೋಟ್ ಮಾಡುತ್ತಿದ್ದರೆ, ಮುಂದಿರುವ ಗೋಡೆ ಎಷ್ಟು ದೂರ ಅಂತ ಅಳೆಯಲು ಲೇಸರ್ ಸೆನ್ಸರ್ ಹಾಕಿ, ಅಂದರೆ ವಿಎಲ್53ಎಲ್0ಎಕ್ಸ್. ನಾನು ಮೊದಲು ಎಲ್ಲರ ಹಾಗೆ ಎಚ್‌ಸಿ-ಎಸ್‌ಆರ್04 ಹಾಕಿದ್ದೆ. ಮುಂದೆ ಎರಡು ಬೆಳ್ಳಿ ಡಬ್ಬಿ ಇರುತ್ತದಲ್ಲ, ಅದೇ ಅಲ್ಟ್ರಾಸಾನಿಕ್, ಅಂದರೆ ಕಿವಿಗೆ ಕೇಳದ ಶಬ್ದ ಬಿಟ್ಟು ಪ್ರತಿಧ್ವನಿಯಿಂದ ದೂರ ಅಳೆಯುವ ಸೆನ್ಸರ್. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ನೂರು ರೂಪಾಯಿ ಒಳಗೇ ಸಿಕ್ಕಿತು.

ಗೋಡೆಗೆ ನೇರವಾಗಿ ಹೋದರೆ ಅದರ ಲೆಕ್ಕ ಸರಿ. ಓರೆಯಾಗಿ ಹೋದಾಗಲೇ ತಲೆನೋವು. ಅದು ಬಿಡುವ 40 ಕಿಲೋಹರ್ಟ್ಸ್ ಶಬ್ದದ ಅಲೆ ಸುಮಾರು ಎಂಟೂವರೆ ಮಿಲಿಮೀಟರ್ ಉದ್ದ. ಅಷ್ಟು ದೊಡ್ಡ ಅಲೆಗೆ ಗೋಡೆಯ ಸಣ್ಣ ತರಿ ಲೆಕ್ಕಕ್ಕೇ ಇಲ್ಲ, ಹಾಗಾಗಿ ಕ್ಯಾರಂ ಸ್ಟ್ರೈಕರ್ ಅಂಚಿಗೆ ಬಡಿದು ಓರೆಯಾಗಿ ಹೋಗುವ ಹಾಗೆ ಶಬ್ದ ಬೇರೆ ಕಡೆ ಹೋಗಿಬಿಡುತ್ತದೆ. ವಾಪಸ್ ಏನೂ ಬರಲಿಲ್ಲ ಅಂದರೆ ರೋಬೋಟ್ ಮುಂದೆ ಜಾಗ ಖಾಲಿ ಅಂದುಕೊಳ್ಳುತ್ತದೆ, ಅಲ್ವಾ? ಗೋಡೆ ಒಂದು ಗೇಣು ದೂರದಲ್ಲಿದ್ದರೂ ಕಂಪ್ಯೂಟರಿನಲ್ಲಿ ರೀಡಿಂಗ್ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ 300 ಸೆಂಟಿಮೀಟರ್ ದಾಟಿದ ಸಂಖ್ಯೆ, ಮರುಕ್ಷಣ ಗುದ್ದು.

ಇದನ್ನು ಸರಿಮಾಡಲು ಹಲವು ರೀಡಿಂಗ್ ತೆಗೆದು ಮಧ್ಯದ್ದನ್ನು ಹಿಡಿದೆ. ಪ್ರತಿಧ್ವನಿಯೇ ಬಾರದಿದ್ದರೆ ಅದರಿಂದ ಏನೂ ಆಗುವುದಿಲ್ಲ. ಸರ್ವೋ (ಹೇಳಿದಷ್ಟು ಕೋನಕ್ಕೆ ತಿರುಗುವ ಮೋಟರ್) ಮೇಲೆ ಕೂರಿಸಿ ಎಡಬಲ ತಿರುಗಿಸಿದೆ, ಸ್ವಲ್ಪ ಸುಧಾರಿಸಿತು. ಆದರೆ ಹಿಂದಿನ ಪ್ರತಿಧ್ವನಿ ಮುಂದಿನದಕ್ಕೆ ಸೇರದಿರಲಿ ಅಂತ ಒಂದೊಂದು ಅಳತೆಗೂ 60 ಮಿಲಿಸೆಕೆಂಡ್ ಬಿಡಬೇಕು, ಸರ್ವೋ ತಿರುಗುವ ಹೊತ್ತು ಬೇರೆ, ಅಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತದೆ. ದಪ್ಪ ಪರದೆಯಂತೂ ಶಬ್ದವನ್ನೇ ಹೀರಿಕೊಳ್ಳುತ್ತದೆ.

ಲೇಸರ್‌ನದು 940 ನ್ಯಾನೋಮೀಟರ್‌ನ, ಕಣ್ಣಿಗೆ ಕಾಣದ ಬೆಳಕು, ಅದರ ಅಲೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕದು. ಅದಕ್ಕೆ ಇದೇ ಗೋಡೆ ಒರಟು. ಬೆಳಕು ಎಲ್ಲ ಕಡೆ ಚೆದುರಿ ಸ್ವಲ್ಪವಾದರೂ ಹಿಂದಕ್ಕೆ ಬರುತ್ತದೆ, ಓರೆ ಗೋಡೆಯೂ ಕಾಣುತ್ತದೆ. ಗುದ್ದಾಟ ನಿಂತೇ ಹೋಯಿತು, ನನಗೆ ಬೇಕಿದ್ದದ್ದೂ ಅದೇ.

ದೂರ 2 ಮೀಟರ್ ಅಷ್ಟೇ, ನಮ್ಮ ಹಾಲ್‌ಗೆ ಸಾಕು. ಬಿಸಿಲಲ್ಲಿ ಇನ್ನೂ ಕಮ್ಮಿ. ಗಾಜಿನ ಬಾಗಿಲು ಇದಕ್ಕೆ ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಅಲ್ಟ್ರಾಸಾನಿಕ್ಕೇ ಮೇಲು. ನಾನು ಆಫೀಸ್ ಮುಗಿಸಿ ರಾತ್ರಿ ಓಡಿಸುವವನು, ನಮ್ಮ ಮನೆಯಲ್ಲಿ ಗಾಜಿನ ಬಾಗಿಲೂ ಇಲ್ಲ. ಬೆಲೆ ಎರಡು ಮೂರು ಪಟ್ಟು ಜಾಸ್ತಿ ಬಿತ್ತು, ಆದರೆ ಸರ್ವೋ ಬೇಡವಾಯಿತು.

ಲೇಸರ್ ಸೆನ್ಸರನ್ನೇ ಎರಡು ಹಾಕುವುದಾದರೆ ಗಮನಿಸಿ: ಆನ್ ಮಾಡಿದಾಗ ಎರಡಕ್ಕೂ 0ಎಕ್ಸ್29 ಅನ್ನುವ ಒಂದೇ ವಿಳಾಸ (ಬೋರ್ಡ್ ಸೆನ್ಸರನ್ನು ಗುರುತಿಸುವ ಸಂಖ್ಯೆ). ಎಕ್ಸ್‌ಶಟ್ ಪಿನ್‌ಗೆ ವೈರ್ ಎಳೆದು ಒಂದನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಇನ್ನೊಂದರ ವಿಳಾಸ ಬದಲಿಸಬೇಕು. ಪವರ್ ತೆಗೆದರೆ ಅದು ಮರೆತುಹೋಗುತ್ತದೆ, ಆದ್ದರಿಂದ ಈ ಕೆಲಸ ಆನ್ ಆದಾಗ ಮೊದಲು ಓಡುವ ಸೆಟಪ್ ಕೋಡ್‌ನಲ್ಲೇ ಇರಲಿ. ಸೆನ್ಸರ್ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಉಗುರಿನಿಂದ ಎಬ್ಬಿಸಿ ತೆಗೆದು, ಆಮೇಲೆ ಓಡಿಸಿ.