64 ಜನರ ಕೌಂಟಿಗೆ ಅಮೆರಿಕದ ಜನಗಣತಿ ತಾಣ ಎಷ್ಟರಮಟ್ಟಿಗೆ ಆಗಿಬರುತ್ತದೆ?

ಅಮೆರಿಕದ ಜನಗಣತಿ ಬ್ಯೂರೊ ನಡೆಸುವ ಡೇಟಾ.ಸೆನ್ಸಸ್.ಗವ್ ತಾಣವನ್ನು ಪರೀಕ್ಷಿಸಲು ದೊಡ್ಡ ನಗರದ ಹೆಸರು ಹಾಕಿ ಪ್ರಯೋಜನವಿಲ್ಲ, ಅಲ್ಲಿ ಎಲ್ಲವೂ ಸಲೀಸು. ಪಶ್ಚಿಮ ಟೆಕ್ಸಸ್‌ನ ಲವಿಂಗ್ ಕೌಂಟಿ ಹಾಕಿ ನೋಡಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ). 2020ರ ಗಣತಿಯಲ್ಲಿ ಅಲ್ಲಿದ್ದವರು 64 ಜನ, ನೆಲ ಮಾತ್ರ 650 ಚದರ ಮೈಲಿಗೂ ಹೆಚ್ಚು. ತಾಣದ ಗುಣದೋಷ ಎರಡೂ ಇಂಥ ಕಡೆಯೇ ಬಯಲಾಗುವುದು.

ಹುಡುಕುವುದು ಸುಲಭ, ಖಾತೆ ತೆರೆಯಬೇಕಿಲ್ಲ, ಹಣ ಕೊಡಬೇಕಿಲ್ಲ. ಕೌಂಟಿಯ ಹೆಸರಿನ ಜೊತೆ ರಾಜ್ಯದ ಹೆಸರನ್ನೂ ಬರೆಯಿರಿ. ಅಮೆರಿಕದಲ್ಲಿ ಒಂದೇ ಹೆಸರಿನ ಕೌಂಟಿಗಳು ಹತ್ತಾರಿವೆ. ಇನ್ನೂ ಖಚಿತವಾಗಿ ಬೇಕೆಂದರೆ ಕೋಡ್ ಇದೆ: ಟೆಕ್ಸಸ್‌ಗೆ 48, ಲವಿಂಗ್‌ಗೆ 301, ಸೇರಿಸಿದರೆ 48301.

ಎಡವುವುದು ಆಮೇಲೆ. ವಯಸ್ಸು, ಆದಾಯದ ಕೋಷ್ಟಕ ತೆರೆದರೆ ಎಷ್ಟೋ ಸಲ ‘ಈ ಪ್ರದೇಶಕ್ಕೆ ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ತಾಣ ಕೆಟ್ಟಿಲ್ಲ. ಇವು ಬರುವುದು ಬ್ಯೂರೊದ ಮಾದರಿ ಸಮೀಕ್ಷೆಯಾದ ಅಮೆರಿಕನ್ ಕಮ್ಯುನಿಟಿ ಸರ್ವೆಯಿಂದ, ಅದರ ಒಂದು ವರ್ಷದ ಅಂಕಿಅಂಶ ಸಿಗುವುದು 65,000ಕ್ಕೂ ಮೇಲೆ ಜನರಿರುವ ಕಡೆಗೆ ಮಾತ್ರ. ಕೋಷ್ಟಕದ ಮೇಲಿನ ಪಟ್ಟಿಯಲ್ಲಿ ಐದು ವರ್ಷಗಳನ್ನು ಒಟ್ಟುಗೂಡಿಸಿದ್ದನ್ನು ಆರಿಸಿಕೊಳ್ಳಿ. ಹಾಗೆ ಸಿಕ್ಕ ಸಂಖ್ಯೆಯೂ ಎಣಿಸಿದ್ದಲ್ಲ, ಮಾದರಿ ಮನೆಗಳಿಂದ ಅಂದಾಜಿಸಿದ್ದು. ಅಂದಾಜು ಎಷ್ಟು ಹೆಚ್ಚುಕಡಿಮೆ ಆಗಬಹುದೆಂದು ಹೇಳುವ ಪಕ್ಕದ ದೋಷಮಿತಿಯ ಅಂಕಣವನ್ನು ಅಡಗಿಸಿಡಬೇಡಿ. ಉದಾಹರಣೆಗೆ ಅಂದಾಜು 80, ದೋಷಮಿತಿ 30 ಇದೆ ಎನ್ನಿ. 30ನ್ನು 1.645ರಿಂದ (ಬ್ಯೂರೊ ದೋಷಮಿತಿ ಲೆಕ್ಕಹಾಕಲು ಬಳಸುವ ಗುಣಕ) ಭಾಗಿಸಿ, ಬಂದದ್ದನ್ನು 80ರಿಂದ ಭಾಗಿಸಿದರೆ ಸುಮಾರು ಶೇ 23. ಇಷ್ಟು ಅಲುಗಾಡುವ ಸಂಖ್ಯೆ ಹಿಡಿದು ‘ಜನ ಕೌಂಟಿ ಬಿಡುತ್ತಿದ್ದಾರೆ’ ಎಂದು ಬರೆಯುವ ಹಾಗಿಲ್ಲ. ಹೋಲಿಸುವುದಾದರೆ 2011–15ನ್ನು 2016–20ರ ಜೊತೆ ಹೋಲಿಸಿ. 2016–20 ಮತ್ತು 2017–21ರಲ್ಲಿ ನಾಲ್ಕು ವರ್ಷ ಒಂದರ ಮೇಲೊಂದು ಬೀಳುತ್ತವೆ.

ಹಾಗಾದರೆ ಆ 64 ಮಾತ್ರ ಗಟ್ಟಿಯೇ? ಅದೂ ಅಲ್ಲ. ಯಾರ ವಿವರವೂ ಬಯಲಾಗದಿರಲೆಂದು 2020ರ ಅಂಕಿಗಳಿಗೆ ಬ್ಯೂರೊ ಬೇಕೆಂದೇ ಸ್ವಲ್ಪ ಏರುಪೇರು ಬೆರೆಸಿದೆ. ರಾಜ್ಯದ ಒಟ್ಟು ಜನಸಂಖ್ಯೆಯನ್ನು ಮುಟ್ಟಿಲ್ಲ, ಕೌಂಟಿಯದನ್ನು ಮುಟ್ಟಿದೆ. ಲಕ್ಷ ಜನರಿರುವ ಕಡೆ ನಾಲ್ಕೈದರ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಇಲ್ಲಿ ಅದು ಒಂದು ಕುಟುಂಬ. ವಾಸದ ಮನೆಗಳ ಒಟ್ಟು ಸಂಖ್ಯೆಗೆ ಮಾತ್ರ ಏರುಪೇರು ಸೇರಿಸಿಲ್ಲ, ತಾಳೆ ನೋಡಲು ಅದನ್ನೂ ತೆರೆದಿಟ್ಟುಕೊಳ್ಳಿ.

ಇತಿಹಾಸಕ್ಕೆ ಈ ತಾಣ ಸಾಲದು, ಗಣತಿಯ ಕೋಷ್ಟಕಗಳು 2000ದಿಂದ ಈಚಿನವು ಮಾತ್ರ. ಹಿಂದಿನದಕ್ಕೆ ಮಿನೆಸೋಟ ವಿಶ್ವವಿದ್ಯಾಲಯದ ಎನ್‌ಎಚ್‌ಜಿಐಎಸ್ ಎಂಬ ಹಳೆಯ ಗಣತಿಗಳ ತಾಣ ವಾಸಿ. ನೋಂದಣಿ ಮಾಡಿಕೊಂಡರೆ 1790ರಿಂದ ಕೋಷ್ಟಕವೂ ಗಡಿನಕ್ಷೆಯೂ ಉಚಿತ. ಲವಿಂಗ್‌ನ ಸಾಲು ಹೀಗಿದೆ: 1890ರಲ್ಲಿ 3, 1900ರಲ್ಲಿ 33, 1910ರಲ್ಲಿ 249, 1920ರಲ್ಲಿ 82, 1940ರಲ್ಲಿ 285. ಅದೇ ಗರಿಷ್ಠ. ಆದರೆ ಈ ಸಾಲು ಹೇಳದ ಸಂಗತಿಯೊಂದಿದೆ. 1887ರಲ್ಲಿ ಟಾಮ್ ಗ್ರೀನ್ ಕೌಂಟಿಯಿಂದ ಬೇರ್ಪಟ್ಟ ಲವಿಂಗ್‌ಗೆ 1893ರಲ್ಲಿ ಸ್ವಂತ ಆಡಳಿತ ಬಂತು. 1897ರಲ್ಲಿ ಅದನ್ನು ರದ್ದು ಮಾಡಿ ರೀವ್ಸ್ ಕೌಂಟಿಗೆ ಹೊಂದಿಸಿದರು. ಮತ್ತೆ ಸ್ವಂತ ಆಡಳಿತ ಸಿಕ್ಕಿದ್ದು 1931ರಲ್ಲಿ. ನಡುವಿನ ನಾಲ್ಕು ಗಣತಿಗಳಲ್ಲೂ ಜನರ ಲೆಕ್ಕ ಪ್ರತ್ಯೇಕವಾಗಿಯೇ ಇದೆ. ಸಂಖ್ಯೆ ಇದೆ ಎಂದಮಾತ್ರಕ್ಕೆ ಕೌಂಟಿ ಸರ್ಕಾರ ಇತ್ತು ಎಂದುಕೊಂಡರೆ ತಪ್ಪಾದೀತು.

ಆಡಳಿತದ ವಿಷಯದಲ್ಲಿ ತಾಣ ತೀರಾ ಬಡವಾಗಿದೆ. 2 ಮತ್ತು 7ರಲ್ಲಿ ಕೊನೆಗೊಳ್ಳುವ ವರ್ಷಗಳಲ್ಲಿ ನಡೆಯುವ ಸರ್ಕಾರಗಳ ಗಣತಿ ಎಷ್ಟು ಸ್ಥಳೀಯ ಸಂಸ್ಥೆಗಳಿವೆ ಎನ್ನುತ್ತದೆಯೇ ಹೊರತು ಯಾರು ಏನು ಮಾಡುತ್ತಾರೆ ಎನ್ನುವುದಿಲ್ಲ. ಅದಕ್ಕೆ ಟೆಕ್ಸಸ್ ಸಂವಿಧಾನವನ್ನೇ ನೋಡಬೇಕು. ಕೌಂಟಿ ಜಡ್ಜ್ ಮತ್ತು ನಾಲ್ವರು ಕಮಿಷನರ್‌ಗಳ ‘ಕಮಿಷನರ್ಸ್ ಕೋರ್ಟ್’ ಹೆಸರಿಗೆ ಕೋರ್ಟ್, ಮಾಡುವುದು ಬಜೆಟ್, ತೆರಿಗೆ ದರ, ರಸ್ತೆಯ ಕೆಲಸ. 10,000ಕ್ಕಿಂತ ಕಡಿಮೆ ಜನರಿರುವ ಕೌಂಟಿಯಲ್ಲಿ, ಮತದಾರರು ಬೇರೆ ಹುದ್ದೆ ಬೇಕೆನ್ನದಿದ್ದರೆ, ತೆರಿಗೆ ವಸೂಲಿಯೂ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನದೇ. ಶಾಲೆಯ ಲೆಕ್ಕವನ್ನು ಕೌಂಟಿ ಗಡಿಯೊಳಗೇ ಹುಡುಕಿದರೆ ಅರ್ಧ ಕಥೆಯಷ್ಟೇ: ಇಲ್ಲಿನ ಮಕ್ಕಳು ಸೇರುವ ವಿಂಕ್-ಲವಿಂಗ್ ಶಾಲಾ ಜಿಲ್ಲೆ ಪಕ್ಕದ ವಿಂಕ್ಲರ್ ಕೌಂಟಿಗೂ ಹರಡಿದೆ.

ಡೌನ್‌ಲೋಡ್ ಬಗ್ಗೆ ಒಂದು ಎಚ್ಚರಿಕೆ. ಜಿಪ್ ಬಿಚ್ಚಿದಾಗ ಸಿಗುವ ಸಿಎಸ್‌ವಿ ಕಡತದಲ್ಲಿ ಮೊದಲ ಸಾಲು ಅಂಕಣಗಳ ಕೋಡ್, ಎರಡನೆಯದು ವಿವರಣೆ. ಎರಡನೆಯದನ್ನು ಅಳಿಸದೆ ಕೂಡಿಸಹೊರಟರೆ ಇಡೀ ಅಂಕಣ ಪಠ್ಯವಾಗಿ ಕೂರುತ್ತದೆ. ರಾಜ್ಯ, ಕೌಂಟಿಗಳ ಕೋಡನ್ನು ಸಂಖ್ಯೆಯಾಗಿ ತೆರೆಯಬೇಡಿ. ಟೆಕ್ಸಸ್‌ನ 48ಕ್ಕೆ ಏನೂ ಆಗದು, ಅಲಬಾಮದ 01 ಮಾತ್ರ ಬರೀ 1 ಆಗಿಬಿಡುತ್ತದೆ.

ಹೆಸರುಗಳೇ ಬೇಕೆನ್ನುವವರಿಗೆ ರಾಷ್ಟ್ರೀಯ ಪತ್ರಾಗಾರದ ತಾಣವಿದೆ. ವ್ಯಕ್ತಿವಿವರದ ಹಾಳೆಗಳನ್ನು 72 ವರ್ಷ ಮುಚ್ಚಿಡುತ್ತಾರೆ. 1950ರವು 2022ರ ಏಪ್ರಿಲ್‌ನಲ್ಲಿ ತೆರೆದವು. ಆ ವರ್ಷ ಲವಿಂಗ್‌ನಲ್ಲಿದ್ದವರು 227 ಜನ, ಒಂದು ಸಂಜೆಯ ಓದು. 1890ರ ಆ ಮೂವರನ್ನು ಮಾತ್ರ ಹುಡುಕಲು ಹೋಗಬೇಡಿ. ಆ ಗಣತಿಯ ಹಾಳೆಗಳು ಬಹುಪಾಲು 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿಗೆ ಸಿಕ್ಕಿ ಹಾಳಾದವು.