ಇಡಿಡಿ ಆನ್‌ಲೈನ್: ಇಂಗ್ಲೆಂಡಿನ ಹಳೇ ಮನೆಮಾತಿನ ಕಣಜ

ಜೋಸೆಫ್ ರೈಟ್ 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ತಂದ ಇಂಗ್ಲಿಷ್ ಉಪಭಾಷಾ ನಿಘಂಟನ್ನು (ಇಂಗ್ಲಿಷ್ ಡಯಲೆಕ್ಟ್ ಡಿಕ್ಷನರಿ, ಅಂದರೆ ಇಡಿಡಿ) ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯ ಜಾಲತಾಣಕ್ಕೆ ಏರಿಸಿದೆ. ಪುಕ್ಕಟೆ. ವಸ್ತು ಗೊತ್ತು, ಪದ ಗೊತ್ತಿಲ್ಲ ಎಂದಾದರೆ ಮುಖ್ಯಪದ ಬಿಟ್ಟು ಅರ್ಥವಿವರಣೆಯೊಳಗೆ ಹುಡುಕಿ, ಆಮೇಲೆ ಕೌಂಟಿ (ಅಲ್ಲಿನ ಜಿಲ್ಲೆ) ಆರಿಸಿ. ಬಟ್ಟೆ ಒಣಹಾಕುವ ಮರದ ಸ್ಟ್ಯಾಂಡಿಗೆ ಉತ್ತರದವರು ಹೇಳುವ ‘ಮೇಡನ್’, ಬಟ್ಟೆ ಕುಕ್ಕುವ ಕೋಲಿಗೆ ‘ಪಾಸರ್’ ಇಂಥವಕ್ಕೆ ಇದೇ ಸರಿದಾರಿ. ಕಾಗುಣಿತ ಊರೂರಿಗೂ ಬೇರೆ, ಹಾಗಾಗಿ ಸಿಗದಿದ್ದರೆ ರೂಪಾಂತರಗಳಲ್ಲೂ ನೋಡಿ. ಕೌಂಟಿ ಹೆಸರಿನ ಸಂಕ್ಷೇಪಗಳದ್ದೇ ತಲೆನೋವು: ‘ಲ್ಯಾನ್’ ಎಂದರೆ ಲ್ಯಾಂಕಾಶೈರ್, ‘ವೈಕೆಎಸ್’ ಯಾರ್ಕ್‌ಶೈರ್! ಮೊದಲು ಸಂಕ್ಷೇಪಗಳ ಪಟ್ಟಿ ತೆರೆದಿಟ್ಟುಕೊಳ್ಳಿ. ಟಿವಿ ರಿಮೋಟಿಗೆ ಈಗಿನವರನ್ನುವ ‘ಡೂಫರ್’ ಹುಡುಕುವವರಿಗೆ ಇದು ಜಾಗವಲ್ಲ, 1905ಕ್ಕೇ ಕತೆ ನಿಂತಿದೆ.